ಸೊನ್ನೆ ಅಂಕದ ಉಡ

ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯುದ್ದಕ್ಕೂ ಉಡ ಒಂದೇ ಒಂದು ಅಂಕ ಗಳಿಸಿಲ್ಲವೆಂಬ ಆಘಾತಕಾರಿ ಸುದ್ದಿಗೆ ಕಾಡು ತತ್ತರಿಸಿತು. ಫೈನಲ್‌ನಿಂದ ಉಡವನ್ನು ಕೈಬಿಡಲು ತರಬೇತುದಾರ ಆನೆ ತುರ್ತುಸಭೆ ಕರೆಯಿತು.

"ಉಡಣ್ಣ, ಬುಟ್ಟಿ ಯಾವ ಕಡೆ ಇದೆ ಅಂತಾದರೂ ಗೊತ್ತಾ?" ಎಂದಿತು ನವಿಲು. ಅದು ಇನ್ನೂರು ಅಂಕ ಗಳಿಸಿತ್ತು, ಪ್ರತಿ ಸಲವೂ ಗರಿ ಬಿಚ್ಚಿ ಕುಣಿದಿತ್ತು.

ಉಡ ತಲೆ ತಗ್ಗಿಸಿತು. ಎದುರು ಬಂದವರನ್ನು ಪಟ್ಟು ಬಿಡದೆ ಅಡ್ಡಗಟ್ಟುವುದೊಂದೇ ಅದಕ್ಕೆ ಗೊತ್ತಿದ್ದ ಆಟ.

ಆಗ ಮರಕುಟಿಗ ಮೇಲಿಂದ ಹೇಳಿತು: "ಯಜಮಾನರೇ, ನಾನು ಎರಡು ಮರದಲ್ಲಿ ಲೆಕ್ಕ ಕುಟ್ಟಿದ್ದೇನೆ. ಉಡ ಅಂಕಣದಲ್ಲಿದ್ದಾಗ ನಮ್ಮ ತಂಡ ಒಟ್ಟು ತೊಂಬತ್ತು ಅಂಕ ಮುಂದೆ. ಉಡ ಹೊರಗೆ ಕೂತಾಗ ಅರವತ್ತು ಹಿಂದೆ."

"ನನ್ನ ಲೆಕ್ಕ?" ನವಿಲು ಕತ್ತು ಕೊಂಕಿಸಿತು.

"ನೀನು ಹಾಕಿದ್ದು ಇನ್ನೂರು. ನೀನು ಕುಣಿಯುತ್ತಿದ್ದಾಗ ಎದುರಾಳಿಗಳು ಹಾಕಿದ್ದು ಇನ್ನೂರ ಹತ್ತು."

ಆನೆ ಎರಡೂ ಮರಗಳ ತೂತುಗಳನ್ನು ಸೊಂಡಿಲಿನಿಂದ ತಡವಿ ನೋಡಿತು. ಬಳಿಕ ಪಟ್ಟಿಯಲ್ಲಿ ಉಡದ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆಸಿತು.

ಫೈನಲ್‌ನಲ್ಲಿ ಉಡ ಕೊನೆಯ ಸೀಟಿಯವರೆಗೂ ಅಂಕಣ ಬಿಡಲಿಲ್ಲ. ನವಿಲು ಗೆಲುವಿನ ಕಪ್ ಕೈಗೆ ಬಂದ ಮೇಲಷ್ಟೇ ಕುಣಿಯಿತು, ಅದೂ ಉಡವನ್ನು ಬೆನ್ನ ಮೇಲೆ ಹೊತ್ತುಕೊಂಡು.

ತಂಡ ಹನ್ನೊಂದು ಅಂಕಗಳಿಂದ ಗೆದ್ದಿತು. ಉಡ ಗಳಿಸಿದ ಅಂಕ ಸೊನ್ನೆ.