ಹಳೆಯ ಕೇಬಲಿನ ಬಾಗು

"ಗುರುಗಳೇ, ಮನೆಯಿಂದ ಇನ್ನೇನನ್ನು ತೆಗೆದುಹಾಕಲಿ?" ಎಂದು ಮಡಿವಾಳಪ್ಪ ಕೇಳಿದ.

ಊಟ ಮುಗಿಸಿ ಇಬ್ಬರೂ ಮಠದ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದರು. ನೀರು ಅಲುಗದೆ ಬಿದ್ದುಕೊಂಡಿತ್ತು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮಡಿವಾಳಪ್ಪ ಮರುಮದುವೆಯಾಗಿದ್ದ. ಬಂದವಳು ಒಳ್ಳೆಯವಳು. ಆದರೆ ಪುಟ್ಟ ಮಗಳು ನೀಲಾ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಅವಳು ಕಲಸಿ ಕೊಟ್ಟ ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಮಗು ಹೆತ್ತವಳನ್ನು ಮರೆತರೆ ಎಲ್ಲ ಸರಿಹೋದೀತೆಂದು ಅವನು ಸತ್ತವಳ ಸೀರೆಗಳನ್ನು ನೆಂಟರಿಗೆ ಹಂಚಿದ್ದ. ಪಟವನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ್ದ. ಹೊಸ ಹೆಂಡತಿಯೇ ಒಮ್ಮೆ "ಅವರು ಹೇಗಿದ್ದರು?" ಎಂದು ಕೇಳಿದಾಗ ಮಾತು ತೇಲಿಸಿಬಿಟ್ಟಿದ್ದ. ಈಗ ಮಗು ಅವನ ಬಳಿಯೂ ಮಾತು ಬಿಟ್ಟಿತ್ತು. ಇದೆಲ್ಲವನ್ನೂ ಅವನು ಗುರುಗಳ ಮುಂದೆ ತೋಡಿಕೊಂಡಿದ್ದ.

ಗುರುಗಳು ಉತ್ತರ ಕೊಡುವ ಬದಲು ಕಾರಿನ ಕತೆ ಶುರುಮಾಡಿದರು. ಸನ್ಯಾಸಿಗೆ ಕಾರಿನ ಉಸಾಬರಿ ಏಕೆ ಎಂದು ಮಡಿವಾಳಪ್ಪನಿಗೆ ಅನ್ನಿಸಿತು. ಆದರೂ ಸುಮ್ಮನೆ ಕೇಳಿದ.

"ಒಬ್ಬ ಜವಳಿ ವ್ಯಾಪಾರಿ ಇದ್ದ. ಸಂತೆಯಿಂದ ಸಂತೆಗೆ ಬಟ್ಟೆ ಒಯ್ಯಲು ಅವನಿಗೊಂದು ಹಳೆಯ ಕಾರೇ ಆಧಾರ. ಒಂದು ದಿನ ಆಕ್ಸಿಲರೇಟರ್ ಎಷ್ಟು ತುಳಿದರೂ ಕಾರು ಮುಂದಕ್ಕೆ ಹೋಗಲಿಲ್ಲ. ಪೆಡಲಿನಿಂದ ಇಂಜಿನ್ನಿಗೆ ಹೋಗುವ ಕೇಬಲಿನ ಒಳಗೆ ತಂತಿ ಕಿತ್ತುಹೋಗಿತ್ತು. ಗ್ಯಾರೇಜಿನವರು ನಾಳೆ ನಾಡಿದ್ದು ಎಂದು ಸತಾಯಿಸುತ್ತಾರೆ, ನಾನೇ ಹಾಕಿಬಿಡುತ್ತೇನೆ ಎಂದು ಹೊಸ ಕೇಬಲ್ ತಂದು ಅಂಗಳದಲ್ಲಿ ಬಾನೆಟ್ ತೆರೆದ. ಹಳೆಯದರ ಎರಡು ತುದಿ ಬಿಚ್ಚಿ ಸಿಟ್ಟಿನಿಂದ ಜಗ್ಗಿದ. ಸರ್ರನೆ ಬಂತು. ಸುತ್ತಿ ತಿಪ್ಪೆಗೆ ಎಸೆದ. ಪೀಡೆ ತೊಲಗಿತು ಎಂದುಕೊಂಡ.

"ಆಮೇಲೆ ಹೊಸದನ್ನು ತೂರಿಸಲು ಹೊರಟ. ಇಂಜಿನ್ನಿನ ಕಡೆಯಿಂದ ತಳ್ಳಿದರೆ ಎಲ್ಲೋ ತಗುಲಿ ಹಿಂದಕ್ಕೆ ಬರುತ್ತಿತ್ತು. ಪೆಡಲಿನ ಕಡೆಯಿಂದ ತಳ್ಳಿದರೆ ಇನ್ನೆಲ್ಲೋ ಮೂತಿ ತೋರಿಸುತ್ತಿತ್ತು. ಕೇಬಲ್ ಗಟ್ಟಿಯಾಗಿತ್ತು, ಅದರಲ್ಲಿ ದೋಷವೇನೂ ಇರಲಿಲ್ಲ. ಒಳಗಿನ ಕತ್ತಲಲ್ಲಿ ಅದಕ್ಕೆ ದಾರಿ ಗೊತ್ತಿರಲಿಲ್ಲ.

"ಸುಸ್ತಾಗಿ ಪೆಡಲಿನ ಪಕ್ಕ ತಲೆಯಿಟ್ಟವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅವನು ಸಣ್ಣ ಮಗು. ಉದ್ದನೆಯ ಕತ್ತಲ ಓಣಿಯಲ್ಲಿ ಯಾರದೋ ಸೆರಗು ಹಿಡಿದು ನಡೆಯುತ್ತಿದ್ದಾನೆ. ಮುಖ ಕಾಣುತ್ತಿಲ್ಲ, ಹೆದರಿಕೆಯೂ ಇಲ್ಲ. ಸೆರಗು ತಿರುಗಿದತ್ತ ಅವನೂ ತಿರುಗುತ್ತಾನೆ. ಅಷ್ಟರಲ್ಲಿ ಯಾರೋ ಬಂದು ಆ ಸೆರಗನ್ನು ಅವನ ಕೈಯಿಂದ ಬಿಡಿಸಿದರು. ಅವನು ನಿಂತಲ್ಲೇ ನಿಂತ."

ಮಡಿವಾಳಪ್ಪ ನೀರಿನಿಂದ ಕಣ್ಣು ತೆಗೆದು ಗುರುಗಳನ್ನು ನೋಡಿದ.

"ಎಚ್ಚರವಾದಾಗ ಅವನ ಹೆಂಡತಿ ಜಗಲಿಯ ಮೇಲೆ ಕೂತು ಮಗಳ ಲಂಗಕ್ಕೆ ಲಾಡಿ ಹಾಕುತ್ತಿದ್ದಳು. ಹಳೆಯ ಲಾಡಿಯ ತುದಿಗೆ ಹೊಸದನ್ನು ಗಂಟು ಹಾಕಿ, ಹಳೆಯದನ್ನು ಮೆಲ್ಲಗೆ ಎಳೆಯುತ್ತಿದ್ದಳು. ಅದು ಹೊರಗೆ ಬಂದಷ್ಟೂ ಇದು ಒಳಗೆ ಹೋಗುತ್ತಿತ್ತು. ವ್ಯಾಪಾರಿ ಹಣೆ ಹಣೆ ಚಚ್ಚಿಕೊಂಡ."

"ಎಸೆದಾಗಿತ್ತಲ್ಲ ಗುರುಗಳೇ, ಇನ್ನೇನು ಮಾಡಿದ?" ಎಂದ ಮಡಿವಾಳಪ್ಪ. ಕೇಳಿದ್ದು ಕಾರಿನ ವಿಷಯವಲ್ಲ ಎಂಬುದು ಅವನಿಗೂ ತಿಳಿದಿತ್ತು.

"ತಿಪ್ಪೆ ಕೆದಕಿ ಹಳೆಯದನ್ನು ತಂದ. ಸುರುಳಿ ಬಿಚ್ಚಿ ನೆಲದ ಮೇಲೆ ಬಿಟ್ಟ. ಅಷ್ಟು ವರ್ಷ ಇಂಜಿನ್ನಿನ ಕಾವಿನಲ್ಲಿ ಒಂದೇ ಜಾಗದಲ್ಲಿದ್ದ ಕೇಬಲ್ ಅದು. ಬಿಟ್ಟ ಕೂಡಲೇ ತನ್ನ ಹಳೆಯ ಬಾಗುಗಳಿಗೆ ಮರಳಿತು. ಎಲ್ಲಿ ಎಡಕ್ಕೆ, ಎಲ್ಲಿ ಕೆಳಕ್ಕೆ, ಎಲ್ಲವೂ ಅದರ ಮೈಯಲ್ಲೇ ಇತ್ತು. ಹೊಸದನ್ನು ಪಕ್ಕದಲ್ಲಿಟ್ಟು, ಹಾಗೆಯೇ ಬಾಗಿಸಿ ತೂರಿಸಿದ. ತಲುಪಬೇಕಾದಲ್ಲಿಗೆ ತಲುಪಿತು."

ಕತೆ ಅಲ್ಲಿಗೆ ನಿಂತಿತು. ಕಲ್ಯಾಣಿಯಲ್ಲಿ ಮೀನೊಂದು ಮೇಲೆ ಬಂದು ಮುಳುಗಿತು. ಗುರುಗಳು ಮೆಟ್ಟಿಲು ಹತ್ತಲು ಎದ್ದರು. ಮಡಿವಾಳಪ್ಪ ಮತ್ತೇನೋ ಕೇಳಲು ಬಾಯಿ ತೆರೆದ.

"ಅಟ್ಟದ ಮೇಲಿನ ಪಟ ಇಳಿಸು, ಗೋಡೆಗೆ ಹಾಕುವುದು ಮಾತ್ರ ಮಗುವಿನ ಹೊಸ ತಾಯಿಯ ಕೈಯಿಂದಲೇ ಆಗಲಿ," ಎಂದರು ಗುರುಗಳು.