ಬೇರಿಗಾಗಿ ಹೊರಟ ಯೂರಿಯಾ ಕಾಳು

ಮೂಟೆಯಲ್ಲಿದ್ದ ಯೂರಿಯಾ ಕಾಳಿಗೆ ಇದ್ದದ್ದು ಒಂದೇ ಹಂಬಲ: ಭತ್ತದ ಬೇರನ್ನು ಸೇರಬೇಕು, ತೆನೆಗೇರಬೇಕು, ಯಾರದೋ ತಟ್ಟೆಯಲ್ಲಿ ಅನ್ನವಾಗಬೇಕು.

ಗದ್ದೆಯ ಒಡೆಯ ದ್ಯಾವಣ್ಣ ವಾರದ ಹಿಂದಷ್ಟೇ ಪೈರಿಗೆ ಗೊಬ್ಬರ ಕೊಟ್ಟಿದ್ದ. ಆದರೆ ಬದುವಿನಾಚೆ ಪಕ್ಕದವನ ಪೈರು ತನ್ನದಕ್ಕಿಂತ ಕಡುಹಸಿರಾಗಿ ಕಂಡಿತು. ಸುಮ್ಮನಿರಲಾಗಲಿಲ್ಲ. ನಿಂತ ನೀರು ಬಸಿಯುವವರೆಗೆ ಕಾಯುವಷ್ಟೂ ತಾಳ್ಮೆಯಿಲ್ಲದೆ ಇನ್ನೊಂದು ಮೂಟೆ ಬಿಚ್ಚಿ ಎರಚಿಬಿಟ್ಟ.

ಕಾಳು ಕರಗುತ್ತಲೇ ಬೇರಿನ ಬಳಿ ಹೋಗಿ, "ಬಂದೆ, ನನ್ನನ್ನು ಸೇರಿಸಿಕೊಳ್ಳಮ್ಮ" ಎಂದಿತು.

"ತಡವಾಗಿ ಬಂದೆಯಪ್ಪ. ನಿನ್ನ ಅಣ್ಣಂದಿರನ್ನು ಉಂಡೇ ನನಗೆ ಹೊಟ್ಟೆ ಬಿರಿಯುತ್ತಿದೆ" ಎಂದಿತು ಬೇರು.

ಸಂಜೆ ಜೋರು ಮಳೆ ಬಂದು ಗದ್ದೆ ಉಕ್ಕಿತು. ಕಾಳು ತಿರುತಿರುಗಿ ಬೇರನ್ನೇ ನೋಡುತ್ತಾ ಕೆಳಗಿನ ಕೆರೆಗೆ ಹರಿದುಹೋಯಿತು. ಅಲ್ಲಿ ಪಾಚಿ ತೋಳು ಚಾಚಿ, "ಬೇಡ ಅನ್ನುವವಳು ನಾನಲ್ಲ, ಬಾ ರಾಜ" ಎಂದು ಅಪ್ಪಿಕೊಂಡಿತು. ಉಂಡು ಉಂಡು ಕೆಲವೇ ದಿನಗಳಲ್ಲಿ ಕೆರೆಯನ್ನೆಲ್ಲ ಹೊದ್ದಿತು. ಹೊದ್ದಲ್ಲೇ ಕೊಳೆತು ನೀರಿನ ಉಸಿರನ್ನೆಲ್ಲ ಹೀರಿತು.

ಗೆಂಡೆಮೀನೊಂದು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಾ ಕೇಳಿತು, "ಪಾಚಿಗೆ ಇಷ್ಟು ಕೊಬ್ಬು ಕೊಟ್ಟವನು ಯಾರಪ್ಪ ನೀನು?"

"ಅನ್ನವಾಗಲು ಹೊರಟವನು" ಎಂದಿತು ಪಾಚಿಯೊಳಗಿನ ಕಾಳು.

ಮೀನು ಕೊನೆಯದಾಗಿ ಒಮ್ಮೆ ಬಾಲ ಬಡಿಯಿತು. ಹೊಟ್ಟೆ ಮೇಲಾಗಿ ತೇಲಿತು.

ಮೇಲಿನ ಬಯಲಿನಲ್ಲಿ ಪಕ್ಕದ ಗದ್ದೆಯವನು, ದ್ಯಾವಣ್ಣನ ಪೈರು ಈಗ ತನ್ನದಕ್ಕಿಂತ ಹಸಿರಾಗಿದೆಯೆಂದು ಹೊಸ ಮೂಟೆಯ ಹೊಲಿಗೆ ಬಿಚ್ಚುತ್ತಿದ್ದ. ಒಳಗಿನ ಕಾಳುಗಳೆಲ್ಲ ಬೇರಿನ ಕನಸು ಕಾಣುತ್ತಿದ್ದವು.