ನೀಲಮ್ಮನ ಮನೆಯವರ ಎಲೆ

“ಗುರುಗಳೇ, ನನ್ನವರು ಯಾರೆಂದು ತಿಳಿಯಲು ಎಷ್ಟು ತಲೆಮಾರು ಹಿಂದೆ ಹೋಗಬೇಕು?”

ಮಠದ ಪಂಕ್ತಿಯಲ್ಲಿ ಬಡಿಸುತ್ತಿದ್ದ ಶಿಷ್ಯ ಗುರುಪಾದ ಸೌಟು ಕೆಳಗಿಟ್ಟು ಕೇಳಿದ. ಮುತ್ತಜ್ಜನ ಉಯಿಲೊಂದು ಕೈಗೆ ಸಿಕ್ಕಾಗಿನಿಂದ ಅವನಿಗೆ ಅದೇ ಧ್ಯಾನ. ವಂಶದವರನ್ನು ಹುಡುಕಿ ಊರೂರು ಅಲೆಯಲು ಅಪ್ಪಣೆ ಬೇಕಿತ್ತು.

ಗುರುಗಳು ನಕ್ಕರು. “ಹೋಗುವೆಯಂತೆ. ಮೊದಲು ಇದನ್ನು ಕೇಳು.”

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಮುತ್ತಜ್ಜ ಒಮ್ಮೆ ಜಗಳವಾಡಿ, ತಂಗಿ ನೀಲಮ್ಮನನ್ನು ಉಣ್ಣುವ ಎಲೆಯಿಂದ ಎಬ್ಬಿಸಿ ಕಳಿಸಿಬಿಟ್ಟಿದ್ದ. ಆಕೆ ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ಅದು ಮುದುಕನ ಮನಸ್ಸನ್ನು ಕೊನೆಯವರೆಗೂ ಕೊರೆಯಿತು. ಹಿರಿಯರ ಹಬ್ಬದ ದಿನ ಮೊದಲ ಎಲೆ ನೀಲಮ್ಮನ ಮನೆಯವರಿಗೆಂದು ಉಯಿಲಿನಲ್ಲಿ ಬರೆಸಿ ಕಣ್ಣು ಮುಚ್ಚಿದ.

ಅಂದಿನಿಂದ ಪ್ರತಿ ಹಬ್ಬಕ್ಕೂ ಆ ಎಲೆ ಹಾಕುವರು, ಹೋಳಿಗೆ ಬಡಿಸುವರು, ಕಾಯುವರು, ಕೊನೆಗೆ ಹಸುವಿಗೆ ಇಡುವರು. ಹಸುವಿಗೇನು, ಖುಷಿಯೋ ಖುಷಿ.

ವ್ಯಾಪಾರಿಯ ಬೆಲ್ಲದ ಗಾಡಿ ಹೊಡೆಯಲು ಸಂಗಪ್ಪ ಎಂಬವನಿದ್ದ. ದೂರದ ದಾರಿ ಸವೆಸಿ ಹಸಿದು ಬಂದವನು ಪ್ರತಿ ಹಬ್ಬಕ್ಕೂ ನೇರ ಹೋಗಿ ಆ ಎಲೆಗೇ ಕೂರುವನು. “ಏಳಪ್ಪಾ ಸಂಗಪ್ಪ, ಅದು ನಮ್ಮ ನೆಂಟರ ಎಲೆ” ಎಂದು ವ್ಯಾಪಾರಿ ಎಬ್ಬಿಸುವನು. ಪಾಪ, ಅವನು ಮೂಲೆಗೆ ಹೋಗಿ ಕಾಯುವನು.

ವ್ಯಾಪಾರಿಗೆ ವಯಸ್ಸಾಯಿತು. ಆ ಎಲೆಯಲ್ಲಿ ಒಬ್ಬರಾದರೂ ಉಂಡದ್ದನ್ನು ನೋಡದೆ ಹೇಗೆ ಸಾಯಲಿ ಎಂದು ಸಂಕಟಪಟ್ಟ. ಹಳೆಯ ಕಾಗದಪತ್ರಗಳನ್ನೆಲ್ಲ ಜಾಲಾಡಿದ. ಕೊನೆಗೆ ಮನೆತನಗಳ ವಂಶಾವಳಿ ಹೇಳುವ ಹೆಳವನನ್ನು ಹಬ್ಬದ ದಿನವೇ ಕರೆಸಿದ. ಹೆಳವ ಎತ್ತಿನಿಂದಿಳಿದು, ನೀಲಮ್ಮನ ಮಗ, ಮೊಮ್ಮಗ ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೇಳುತ್ತ ಬಂದ. “ಈಗ ಉಳಿದವನು ಒಬ್ಬನೇ, ಗಾಡಿ ಹೊಡೆಯುವ ಸಂಗಪ್ಪ. ಅಗೋ, ನಿಮ್ಮ ಮೂಲೆಯಲ್ಲೇ ಕೂತಿದ್ದಾನಲ್ಲ.”

ವ್ಯಾಪಾರಿ ನಾಚಿಕೆಯಿಂದ ತಲೆ ತಗ್ಗಿಸಿದ. ಆಮೇಲೆ ತಾನೇ ಹೋಗಿ ಸಂಗಪ್ಪನ ಕೈಹಿಡಿದು ಕರೆತಂದು ಮೊದಲ ಎಲೆಗೆ ಕೂರಿಸಿದ.

ಸಂಗಪ್ಪ ಹೋಳಿಗೆ ಮುರಿಯುತ್ತ, “ಸಾವ್ಕಾರ್ರೇ, ನಾನು ಪ್ರತಿ ವರ್ಷ ಸರಿಯಾದ ಎಲೆಗೇ ಕೂರುತ್ತಿದ್ದೆ ನೋಡಿ” ಎಂದ. ಮನೆಮಂದಿಯೆಲ್ಲ ನಕ್ಕರು. ಮುಖ ಊದಿಸಿಕೊಂಡದ್ದು ಹಸು ಒಂದೇ.

ಕತೆ ಕೇಳಿ ಗುರುಪಾದ ಹಿಗ್ಗಿದ. “ನೋಡಿದಿರಾ ಗುರುಗಳೇ, ಹುಡುಕಿದ್ದಕ್ಕೇ ನೆಂಟ ಸಿಕ್ಕಿದ. ಹೆಳವ ಬೇರೆ ಯಾರದೋ ಹೆಸರು ಹೇಳಿದ್ದರೆ ಸಂಗಪ್ಪನಿಗೆ ಮೂಲೆಯೇ ಗತಿಯಾಗುತ್ತಿತ್ತು.”

ಗುರುಗಳು ಪಂಕ್ತಿಯತ್ತ ನೋಡಿದರು. ಅಲ್ಲಿ ಜನ ಬರಿಯ ಎಲೆಗಳ ಮುಂದೆ ಕಾಯುತ್ತಿದ್ದರು.

“ಬೇರೆ ಹೆಸರು ಹೇಳಿದ್ದರೆ ಸಂಗಪ್ಪನ ಹಸಿವು ಸುಳ್ಳಾಗುತ್ತಿತ್ತೇನಪ್ಪಾ?”

ಗುರುಪಾದ ಸೌಟು ಎತ್ತಿಕೊಂಡು ಪಂಕ್ತಿಯತ್ತ ನಡೆದ.